ರಾಜಮಾನ್ಯ ರಾಜಶ್ರೀಯನ್ನು ಇನ್ನೂ ಅಚ್ಚು ಹಾಕುವ ಶಿರಸಿಯ ಒಂದು ಅಂಗಡಿ

ಶಿರಸಿಯಲ್ಲಿ ಮದುವೆ ಕಾಗದ ಅಚ್ಚು ಹಾಕಿಕೊಡುವವರಿಗೆ ಬರವಿಲ್ಲ. ದೇವಿಕೆರೆಯ ಕಡೆಯಿಂದ ಪೇಟೆಯೊಳಗೆ ಒಂದು ಸುತ್ತು ಹಾಕಿದರೆ, ಗಾಜಿನ ಹಿಂದೆ ಬಣ್ಣಬಣ್ಣದ ನಮೂನೆಗಳನ್ನು ತೂಗುಹಾಕಿಕೊಂಡ ಹಲವು ಅಂಗಡಿಗಳು ಕಾಣುತ್ತವೆ. ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಗಣಪತಿಯ ಚಿತ್ರವೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ನಾನು ಇಲ್ಲಿ ಬರೆಯಹೊರಟಿರುವ ಅಂಗಡಿ ಅವುಗಳ ನಡುವೆ ಬೇರೆಯಾಗಿ ನಿಲ್ಲುವುದು ಒಂದೇ ಕಾರಣಕ್ಕೆ: ಕಾರ್ಡಿನ ಆಲ್ಬಮ್ ತೆರೆಯುವ ಮೊದಲು ಮಾಲೀಕರು ಕಾಗದ ಯಾರ್‍ಯಾರಿಗೆ ಹೋಗುತ್ತದೆ, ಅವರನ್ನು ಮನೆಯಲ್ಲಿ ಏನೆಂದು ಬರೆದು ರೂಢಿ ಎಂದು ಕೇಳುತ್ತಾರೆ. ತಂಗಿಯ ಮಗನ ಮದುವೆಯ ಕಾಗದದ ಜವಾಬ್ದಾರಿ ಸೋದರಮಾವನಾದ ನನ್ನ ಮೇಲೆ ಬಿದ್ದಿದ್ದರಿಂದ ಈ ಅಂಗಡಿಯ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಅವಕಾಶ ಸಿಕ್ಕಿತು. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಹೊಗಳಿಕೆಯ ಜೊತೆಗೆ ಕೆಲವು ದೂರುಗಳೂ ಕೆಳಗೆ ಬರುತ್ತವೆ, ಪೇಟೆಯಲ್ಲಿ ‘ರಾ. ರಾ. ಹಾಕುವ ಅಂಗಡಿ’ ಎಂದು ಕೇಳಿದರೆ ದಾರಿ ತೋರಿಸುವವರು ಸಿಗುತ್ತಾರೆ.

‘ರಾ. ರಾ.’ ಎಂದರೆ ‘ರಾಜಮಾನ್ಯ ರಾಜಶ್ರೀ’. ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈಗಿನ ಕೊರಿಯರ್ ಹುಡುಗರಿಗೆ ಹೇಳಬೇಕಾಗುತ್ತದೆ. ಹುಬ್ಬಳ್ಳಿಗೆ ಕಳಿಸಿದ ಒಂದು ಲಕೋಟೆಯ ವಿಷಯದಲ್ಲಿ ಅಂಥ ಹುಡುಗನೊಬ್ಬ ಫೋನು ಮಾಡಿ, ರಾ. ರಾ. ಎಂಬುದು ಆ ಮನೆಯವರ ಇನಿಷಿಯಲ್ಲೋ ಎಂದು ವಿಚಾರಿಸಿದ್ದ. ರಾಜನಿಂದ ಮನ್ನಣೆ ಪಡೆದವರು, ರಾಜಲಕ್ಷ್ಮಿಯಿಂದ ಶೋಭಿಸುವವರು ಎಂಬಷ್ಟು ದೊಡ್ಡ ಮಾತು ಎರಡು ಅಕ್ಷರಗಳಿಗೂ ಎರಡು ಚುಕ್ಕೆಗಳಿಗೂ ಇಳಿದು, ಹೆಸರಿನ ಮುಂದೆ ಮಾತಿಲ್ಲದೆ ಕೂತುಕೊಂಡಿದೆ.

ಅಂಗಡಿಯಲ್ಲಿ ಎರಡು ಬಗೆಯ ನಮೂನೆಗಳಿವೆ. ಒಂದು ಎಲ್ಲರಿಗೂ ತೋರಿಸುವ ಹೊಳಪು ಕಾರ್ಡುಗಳ ಆಲ್ಬಮ್. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಇನ್ನೊಂದು, ಮಾಲೀಕರ ತಂದೆಯ ಕಾಲದಿಂದ, ಅಂದರೆ ಮೊಳೆ ಜೋಡಿಸಿ ಟ್ರೆಡಲ್ ಯಂತ್ರದಲ್ಲಿ ಅಚ್ಚು ಹಾಕುತ್ತಿದ್ದ ದಿನಗಳಿಂದ, ಅಂಟಿಸಿಕೊಂಡು ಬಂದಿರುವ ದಪ್ಪ ವಹಿ. ಕೇಳಿದವರಿಗೆ ಮಾತ್ರ ಕಪಾಟಿನಿಂದ ಹೊರಗೆ ಬರುತ್ತದೆ. ಮದುವೆ, ಉಪನಯನ, ಗೃಹಪ್ರವೇಶ, ಹದಿಮೂರನೆಯ ದಿನದ ಕಾಗದ ಎಲ್ಲವೂ ಅದರಲ್ಲಿವೆ. ಮೂಲೆಯ ಅರಿಶಿನ ಮಾಸಿ ಕಂದಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯ ಕಾಗದಗಳಲ್ಲಿ ‘ರಾ. ರಾ. ಶ್ರೀ’ ಎಂದು ಇದ್ದರೆ, ಬೀಗತನ ದಕ್ಷಿಣ ಕನ್ನಡದ ಕಡೆ ಬೆಳೆದ ಮನೆಗಳ ಕಾಗದಗಳಲ್ಲಿ ‘ಮ. ರಾ. ರಾ. ಶ್ರೀ’ ಎಂದಿರುವುದನ್ನು ಮಾಲೀಕರೇ ಬೆರಳಿಟ್ಟು ತೋರಿಸಿದರು. ಈ ಒಂದು ‘ಮ’ಕಾರದ ಹಿಂದೆ ಜಿಲ್ಲೆಯ ಚರಿತ್ರೆಯೇ ಇದೆ ಎಂಬುದನ್ನು ಅವರು ಎಷ್ಟು ಬಲ್ಲರೋ, ಯಾವ ಮನೆಗೆ ಯಾವುದು ಸಲ್ಲುತ್ತದೆ ಎಂಬುದನ್ನಂತೂ ಚೆನ್ನಾಗಿ ಬಲ್ಲರು.

‘ಮ. ರಾ. ರಾ.’ ಎಂಬುದು ‘ಮಹಾರಾಜ ರಾಜಶ್ರೀ’ ಎಂಬುದರ ಹ್ರಸ್ವರೂಪ, ಮದ್ರಾಸು ಪ್ರಾಂತದ ರೂಢಿ. ಅಲ್ಲಿಯ ಸರಕಾರಿ ಕಾಗದಗಳಲ್ಲಿ ಇಂಗ್ಲಿಷರ ಹೆಸರಿನ ಕೊನೆಗೆ ‘ಎಸ್ಕ್ವಾಯರ್’ ಎಂದು ಬರೆದರೆ, ದೇಶೀಯ ಗೃಹಸ್ಥರ ಹೆಸರಿನ ಮೊದಲಿಗೆ ಈ ಅಕ್ಷರಗಳೂ ಕೊನೆಗೆ ‘ಅವರ್ಗಳ್’ ಎಂಬ ಬಹುವಚನವೂ ಬೀಳುತ್ತಿದ್ದವು. ಎಸ್ಕ್ವಾಯರ್ ಎಂದರೆ ಮೂಲದಲ್ಲಿ ವೀರಯೋಧನ ಗುರಾಣಿ ಹೊರುವ ಸೇವಕ. ಹೀಗೆ ಲೆಕ್ಕ ಹಾಕಿದರೆ ಆಳುವ ಕಲೆಕ್ಟರನಿಗೆ ಗುರಾಣಿ ಹೊರುವವನ ಮರ್ಯಾದೆಯೂ ಅವನ ಕಚೇರಿಯಲ್ಲಿ ಕೈಕಟ್ಟಿ ನಿಂತ ಗುಮಾಸ್ತನಿಗೆ ಮಹಾರಾಜನ ಮರ್ಯಾದೆಯೂ ಸಿಕ್ಕಂತಾಯಿತು. ಸಂಬಳದಲ್ಲಿ ಮಾತ್ರ ಈ ಕ್ರಮ ಪಾಲನೆಯಾಗಲಿಲ್ಲ.

‘ರಾ. ರಾ.’ ಬಂದದ್ದು ಘಟ್ಟದ ಇನ್ನೊಂದು ಮಗ್ಗುಲಿನಿಂದ, ಮರಾಠಿ ಪತ್ರವ್ಯವಹಾರದಿಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಜಿಲ್ಲೆ ಕಂಪನಿಯ ಕೈಸೇರಿ ಮದ್ರಾಸಿಗೆ ಒಳಪಟ್ಟಿತ್ತು. ಮುಂದೆ ಅದನ್ನು ಉತ್ತರ, ದಕ್ಷಿಣ ಎಂದು ಸೀಳಿ, 1862ರಲ್ಲಿ ಉತ್ತರದ ಭಾಗವನ್ನು, ಅಂದರೆ ನಮ್ಮ ಈಗಿನ ಉತ್ತರ ಕನ್ನಡವನ್ನು, ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬೇಕಾಗಿತ್ತು, ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸುವ ಆಸೆ ಮುಂಬಯಿಯವರಿಗಿತ್ತು. ಹತ್ತಿಯ ಸಲುವಾಗಿ ಆದ ಈ ಬದಲಾವಣೆಯಿಂದ ನಮ್ಮ ಲಕೋಟೆಯ ಮೇಲಿನ ಸಂಬೋಧನೆಯೂ ಬದಲಾಯಿತು ಎನ್ನುವುದು ಸ್ವಲ್ಪ ಅತಿಯಾದೀತು, ಏಕೆಂದರೆ ಗೋವೆ, ಬೆಳಗಾವಿಗಳ ಕಡೆಯ ಸಂಪರ್ಕದಿಂದ ಮರಾಠಿ ಪತ್ರದ ರೀತಿ ಇಲ್ಲಿಗೆ ಅಪರಿಚಿತವೇನೂ ಆಗಿರಲಿಲ್ಲ. ಆದರೆ ಮುಂದಿನ ಸುಮಾರು ತೊಂಬತ್ತು ವರ್ಷಗಳಲ್ಲಿ, 1956ರ ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವವರೆಗೂ, ಮುಂಬಯಿಯ ಕಚೇರಿ, ಕೋರ್ಟು, ಶಾಲೆಗಳ ಬರವಣಿಗೆ ಆ ರೀತಿಯನ್ನು ಗಟ್ಟಿಮಾಡಿತು ಎನ್ನುವುದಕ್ಕೆ ಅಡ್ಡಿಯಿಲ್ಲ. ಭಟ್ಕಳದ ಆಚೆ ‘ಮ’ಕಾರ ಉಳಿದುಕೊಂಡದ್ದು, ಈಚೆ ಬಿದ್ದುಹೋದದ್ದು ಹೀಗೆ.

ಮರಾಠರ ಕಾಲದ ಪತ್ರಗಳಲ್ಲಿ ಇದೊಂದು ಸಡಿಲವಾದ ಗೌರವವಚನವಾಗಿರಲಿಲ್ಲ, ಮೆಟ್ಟಿಲುಗಳ ಒಂದು ಲೆಕ್ಕವಾಗಿತ್ತು. ಪೇಶ್ವೆಗೆ ‘ಶ್ರೀಮಂತ’, ದೊಡ್ಡ ಸರದಾರರಿಗೆ ‘ಅಖಂಡಿತ ಲಕ್ಷ್ಮೀ ಅಲಂಕೃತ ರಾಜಮಾನ್ಯ ರಾಜಶ್ರೀ’, ಓದಿದ ಬ್ರಾಹ್ಮಣರಿಗೆ ‘ವೇದಶಾಸ್ತ್ರಸಂಪನ್ನ ರಾಜಶ್ರೀ’, ಅಧಿಕಾರದ ಶ್ರೇಣಿಯಲ್ಲಿ ಕೆಳಗಿದ್ದವರಿಗೆ ಬರಿಯ ‘ರಾಜಶ್ರೀ’, ಇನ್ನೂ ಕೆಳಗಿನ ದಂಡಿನವರಿಗೆ ಪಾರಸಿಯ ಒಂದು ವಿಶೇಷಣ. ಒಬ್ಬನಿಗೆ ಬಂದ ಪತ್ರದ ಮೊದಲ ಸಾಲನ್ನು ನೋಡಿದರೆ ಅವನ ಸ್ಥಾನ ಗೊತ್ತಾಗುತ್ತಿತ್ತು, ಮತ್ತು ಒಂದು ಪದ ಕಡಿಮೆಯಾದರೆ ಅದನ್ನು ಅವಮಾನವೆಂದು ಎಣಿಸಲು ಅವಕಾಶವಿತ್ತು. ಇದಕ್ಕಿಂತ ಹಳೆಯ ಸಂಸ್ಕೃತ ಪತ್ರಲೇಖನ ಪದ್ಧತಿಯಲ್ಲಿ ಶ್ರೀಕಾರವನ್ನೇ ಎಣಿಸಿ ಹಾಕುವ ನಿಯಮವಿತ್ತು: ಗುರುವಿಗೆ ಆರು, ಒಡೆಯನಿಗೆ ಐದು, ಶತ್ರುವಿಗೆ ನಾಲ್ಕು, ಸ್ನೇಹಿತನಿಗೆ ಮೂರು, ಸೇವಕನಿಗೆ ಎರಡು, ಮಗನಿಗೂ ಹೆಂಡತಿಗೂ ಒಂದೊಂದು. ಶತ್ರುವಿಗೆ ಸ್ನೇಹಿತನಿಗಿಂತ ಒಂದು ಶ್ರೀ ಹೆಚ್ಚು ಎಂಬುದನ್ನು ಕೇಳಿ ಮಾಲೀಕರು ನಕ್ಕು, ಚುನಾವಣೆಯ ಕರಪತ್ರಗಳಲ್ಲಿ ಈಗಲೂ ಹಾಗೆಯೇ ಅಲ್ಲವೇ ಎಂದರು.

ಈಗ ಅಂಗಡಿಯ ಕೆಲಸಕ್ಕೆ ಬರುತ್ತೇನೆ. ನಾವು ಒಯ್ದ ಕರಡನ್ನು, ಅಂಗಡಿಯವರ ಮಾತಿನಲ್ಲಿ ‘ಮ್ಯಾಟರ್’ ಅನ್ನು, ಮಾಲೀಕರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದುತ್ತಾರೆ. ‘ಸ್ವಸ್ತಿಶ್ರೀ ನೃಪ ಶಾಲಿವಾಹನ ಶಕೆ’ ಎಂಬ ಮೊದಲ ಸಾಲಿನಲ್ಲಿ ಸಂವತ್ಸರದ ಹೆಸರನ್ನೂ ತಿಥಿಯನ್ನೂ ಪಂಚಾಂಗ ತೆಗೆದು ತಾಳೆ ನೋಡುತ್ತಾರೆ; ಇದೊಂದಕ್ಕೇ ಅವರಿಗೆ ಕೊಡುವ ಹಣ ಸಾರ್ಥಕ. ಈ ಸಾಲು ಕಲ್ಲಿನಿಂದ ಕಾಗದಕ್ಕೆ ಇಳಿದು ಬಂದದ್ದು. ‘ಸ್ವಸ್ತಿಶ್ರೀ ಜಯಾಭ್ಯುದಯ ಶಾಲಿವಾಹನ ಶಕ ವರುಷ’ ಎಂದು ಆರಂಭವಾಗುವ ಶಾಸನಗಳು ವಿಜಯನಗರದ ಕಾಲದವು ಬೇಕಾದಷ್ಟು ಇವೆ, ಅಲ್ಲಿಯೂ ಕಾಲವನ್ನು ಹೇಳಿದ ಮೇಲೆಯೇ ಅರಸನ ಬಿರುದಾವಳಿ ಬರುತ್ತದೆ. ನಮ್ಮ ತಾಲೂಕಿನ ಬನವಾಸಿಯ ಹೆಸರೇ ಅಂಥ ಬಿರುದಾಗಿತ್ತು: ಹಾನಗಲ್ಲಿನ ಮತ್ತು ಗೋವೆಯ ಕದಂಬರು ತಮ್ಮ ರಾಜಧಾನಿ ಬೇರೆಡೆ ಇದ್ದರೂ ‘ಬನವಾಸಿ ಪುರವರಾಧೀಶ್ವರ’ರೆಂದು ಕರೆಸಿಕೊಂಡರು. ಕೈಯಲ್ಲಿ ಇಲ್ಲದ ಊರಿನ ಒಡೆತನವನ್ನು ಹೆಸರಿನಲ್ಲಿ ಉಳಿಸಿಕೊಳ್ಳುವ ಈ ಅಭ್ಯಾಸ ನೋಡಿದರೆ, ರಾಜನಿಲ್ಲದ ಕಾಲದಲ್ಲಿ ರಾಜಮಾನ್ಯರಾಗಿರುವ ನಾವು ಹೊಸದೇನನ್ನೂ ಮಾಡುತ್ತಿಲ್ಲ. ಸೋದೆಯ ಅರಸು ಮನೆತನ, ಹೈದರಾಲಿ ಬಿದನೂರನ್ನು ಗೆದ್ದು ಸೋದೆಯನ್ನೂ ಹಿಡಿದ ಮೇಲೆ, ಗೋವೆಯಲ್ಲಿ ಪೋರ್ತುಗೀಸರ ಆಶ್ರಯಕ್ಕೆ ಹೋಯಿತು. ಅಲ್ಲಿಂದೀಚೆಗೆ ಶಿರಸಿ ಸೀಮೆಯವರನ್ನು ಮನ್ನಿಸಲು ಹತ್ತಿರದಲ್ಲಿ ರಾಜನೊಬ್ಬ ಇದ್ದಿಲ್ಲ.

ವರನ ಹೆಸರಿನ ಮುಂದೆ ‘ಚಿ. ರಾ.’ ಎಂದು ಹಾಕುತ್ತಾರೆ, ಚಿರಂಜೀವಿ ರಾಜಶ್ರೀ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಹುಡುಗ ಇದನ್ನು ತೆಗೆಸಬೇಕೆಂದು ಹಟ ಹಿಡಿದಿದ್ದ. ಮಾಲೀಕರು ವಾದಕ್ಕೆ ಇಳಿಯಲಿಲ್ಲ. ಎರಡೂ ಬಗೆಯ ಕರಡನ್ನು ತೆಗೆದು ಎದುರಿಗೆ ಇಟ್ಟರು. ಬರಿಯ ಹೆಸರಿದ್ದ ಕರಡಿನಲ್ಲಿ ವಧುವಿನ ಕಡೆಯ ಸಾಲು ಉದ್ದವಾಗಿ ವರನ ಸಾಲು ಮೋಟಾಗಿ ಕಾಣುತ್ತಿತ್ತು, ಹಾಗಾಗಿ ಹುಡುಗನೇ ಒಪ್ಪಿಕೊಂಡ. ಸಂಬೋಧನೆಯ ಶಾಸ್ತ್ರಕ್ಕಿಂತ ಅಚ್ಚಿನ ಅಂದ ಗೆದ್ದ ಪ್ರಸಂಗವಿದು, ಆದರೂ ಗಿರಾಕಿಗೆ ಉಪದೇಶ ಮಾಡದೆ ಕೆಲಸದಿಂದಲೇ ತೋರಿಸುವ ಈ ಗುಣ ನನಗೆ ಮೆಚ್ಚಿಗೆಯಾಯಿತು.

ಹೆಸರಿಗೆ ಸೇರಿಸುವ ಬಿರುದುಗಳ ವಿಚಾರದಲ್ಲೂ ಅವರಿಗೊಂದು ನಿಲುವಿದೆ. ‘ರಾವಸಾಹೇಬ’, ‘ರಾವಬಹಾದ್ದೂರ’ ಎಂಬವು ಬ್ರಿಟಿಷ್ ಸರಕಾರ ಸನದು ಕೊಟ್ಟು ದಯಪಾಲಿಸಿದ ಬಿರುದುಗಳು, ಪಡೆದವರ ಹೆಸರಿಗೇ ಅಂಟಿಕೊಂಡವು; ಅಜ್ಜನಿಗೆ ಬಂದದ್ದನ್ನು ಮೊಮ್ಮಗನ ಕಾಗದದಲ್ಲಿ ಹಾಕಿಕೊಡಿ ಎಂದು ಬಂದವರಿಗೆ, ಅಜ್ಜನ ಹೆಸರಿಗೆ ಹಾಕಬಹುದು, ನಿಮ್ಮ ಹೆಸರಿಗೆ ಬೇಡ ಎಂದು ಹೇಳಿದ್ದಾರಂತೆ. ಸಂವಿಧಾನದ 18ನೆಯ ವಿಧಿಯ ಪ್ರಕಾರ ಸೇನೆ ಮತ್ತು ವಿದ್ಯೆಗೆ ಸಂಬಂಧಿಸಿದ ಗೌರವಗಳನ್ನು ಬಿಟ್ಟು ಬೇರೆ ಬಿರುದುಗಳನ್ನು ಸರಕಾರ ಕೊಡುವಂತಿಲ್ಲ. ‘ರಾ. ರಾ.’ ಎಂಬುದು ಈ ಸಾಲಿಗೆ ಸೇರುವುದೇ ಇಲ್ಲ, ಅದನ್ನು ಯಾರೂ ಕೊಡುವುದಿಲ್ಲ, ಬರೆಯುವವನು ಬರೆಯುತ್ತಾನೆ ಅಷ್ಟೆ. ಇನ್ನು ನಮ್ಮ ಅಡ್ಡಹೆಸರುಗಳನ್ನೇ ತೆಗೆದುಕೊಂಡರೂ ಹೆಗಡೆ ಎಂಬುದು ಶಾಸನಗಳ ‘ಪೆರ್ಗಡೆ’, ಅಂದರೆ ಒಬ್ಬ ಅಧಿಕಾರಿ. ನಾಯಕ, ಪ್ರಭು, ದೇಸಾಯಿ, ಶಾನಭಾಗ ಎಲ್ಲವೂ ಒಂದಲ್ಲ ಒಂದು ಕಾಲದ ಹುದ್ದೆಗಳೇ. ರಾಜಮಾನ್ಯ ರಾಜಶ್ರೀ ಶ್ರೀ ಇಂಥ ಹೆಗಡೆಯವರು ಎಂದು ಬರೆದಾಗ, ಮರ್ಯಾದೆಯ ಮೇಲೆ ಮರ್ಯಾದೆ ಹೇರಿದಂತಾಗಿ ಹೆಸರೇ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ.

ನಾನು ಈ ಅಂಗಡಿಯನ್ನು ಶಿಫಾರಸು ಮಾಡಲು ಮುಖ್ಯ ಕಾರಣ ಬೇರೊಂದು ಸಂಗತಿ. ಹೆಸರಿನ ಪಟ್ಟಿ ಕೊಟ್ಟಾಗ ನಮ್ಮ ಮನೆಯ ಹಿರಿಯರೊಬ್ಬರು ಅದನ್ನು ಎರಡು ಭಾಗ ಮಾಡಿದ್ದರು: ‘ರಾ. ರಾ.’ ಹಾಕಬೇಕಾದವರು ಮೊದಲ ಹಾಳೆಯಲ್ಲಿ, ಬರಿಯ ಹೆಸರು ಸಾಕಾದವರು ಎರಡನೆಯ ಹಾಳೆಯಲ್ಲಿ. ಎರಡನೆಯ ಹಾಳೆಯಲ್ಲಿ ಇದ್ದವರು ಯಾರೆಂದು ನಮ್ಮ ಕಡೆಯವರಿಗೆ ಊಹಿಸುವುದು ಕಷ್ಟವಲ್ಲ. ಹಿಂದೆ ನಮ್ಮ ತೋಟ, ಗದ್ದೆಗಳನ್ನು ಗೇಣಿಗೆ ಮಾಡಿದ ಒಕ್ಕಲು ಮನೆಗಳವರು. ಅವರ ಅಜ್ಜಂದಿರು ನಮ್ಮ ಅಜ್ಜಂದಿರನ್ನು ‘ಒಡೆಯಾ’ ಎಂದು ಕರೆಯುತ್ತಿದ್ದವರು. ಅವರಿಗೆ ಕಾಗದವೇ ಹೋಗುತ್ತಿರಲಿಲ್ಲ, ಆಳಿನ ಬಾಯಲ್ಲಿ ಹೇಳಿಕೆ ಹೋಗುತ್ತಿತ್ತು. ಪಟ್ಟಿಯನ್ನು ನೋಡಿದ ಮಾಲೀಕರು ಎರಡೂ ಹಾಳೆಗಳನ್ನು ಸೇರಿಸಿ ಪಿನ್ನು ಹೊಡೆದು, ‘ನಮ್ಮಲ್ಲಿ ಕವರಿಗೆ ಒಂದೇ ಮ್ಯಾಟರ್ರಾ ಹೆಗಡೇರೆ, ಹಾಕೂದಾದ್ರೆ ಎಲ್ಲರಿಗೂ, ಬಿಡೂದಾದ್ರೆ ಎಲ್ಲರಿಗೂ’ ಎಂದರು. ಇದು ಅಚ್ಚಿನ ಖರ್ಚಿನ ಮಾತೋ ಅವರ ತತ್ವವೋ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಸ್ವಲ್ಪ ಹೊತ್ತು ಮಾತುಕತೆಯಾಗಿ, ಎಲ್ಲರಿಗೂ ಹಾಕುವುದೆಂದು ತೀರ್ಮಾನವಾಯಿತು.

‘ಒಡೆಯ’ ಎಂಬ ಮಾತಿನ ಹಾದಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು, ಏಕೆಂದರೆ ‘ರಾ. ರಾ.’ ಲಿಖಿತದಲ್ಲಿ ಮಾಡಿದ ಕೆಲಸವನ್ನು ಬಾಯಿಮಾತಿನಲ್ಲಿ ಮಾಡಿದ್ದು ಅದೇ. ಅದು ದ್ರಾವಿಡದ ಸ್ವಂತ ಮಾತು. ಒಡವೆ, ಒಡೆತನಗಳ ಬಳಗದ್ದು, ತಮಿಳಿನ ‘ಉಡೈಯಾರ್’ ಅದರ ಒಡಹುಟ್ಟು. ಉಳ್ಳವನು ಎಂಬುದೇ ಅದರ ಅರ್ಥ. ಹನ್ನೆರಡನೆಯ ಶತಮಾನದ ವಚನಕಾರರು ಅದನ್ನು ದೇವರಿಗೂ ಶರಣರಿಗೂ ಬಳಸಿದರು. ಹದಿನಾಲ್ಕನೆಯ ಶತಮಾನದ ಶಾಸನಗಳಲ್ಲಿ ವಿಜಯನಗರದ ಮೊದಲ ಅರಸರು ಹರಿಯಪ್ಪ ಒಡೆಯರು, ಬುಕ್ಕಣ್ಣ ಒಡೆಯರು ಎಂದೇ ಕಾಣಿಸಿಕೊಳ್ಳುತ್ತಾರೆ. ಮೈಸೂರಿನ ಮನೆತನಕ್ಕೆ ಅದೇ ವಂಶದ ಹೆಸರಾಯಿತು. ನಮ್ಮ ಕರಾವಳಿಯಲ್ಲಿ ಮಾತ್ರ ಅದು ಗದ್ದೆಯ ಅಂಚಿಗೆ ಇಳಿದು, ಗೇಣಿ ಅಳೆಯುವವನು ಗೇಣಿ ತೆಗೆದುಕೊಳ್ಳುವವನನ್ನು ಕರೆಯುವ ಮಾತಾಯಿತು. ಅಂಕೋಲೆಯ ಕಡೆ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ನಾಡಿನ ಭೂಹೋರಾಟಗಳಲ್ಲೆಲ್ಲ ಮೊಳಗಿದ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಆ ಹಳೆಯ ಸಂಬೋಧನೆಯನ್ನೇ ಎತ್ತಿ ಉಳುವವನ ಹೆಸರಿಗೆ ಬರೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಜಮೀನನ್ನು ಸರಕಾರಕ್ಕೆ ಸೇರಿಸಿ, ಉಳುವವರು ಅರ್ಜಿ ಹಾಕಿ ಪಡೆಯುವ ಹಾದಿ ಮಾಡಿತು. ಒಡೆಯಾ ಎಂದು ಕರೆಯುವವರು ಆಮೇಲೆ ಕಡಿಮೆಯಾದರು. ಲಕೋಟೆಯ ಮೇಲಿನ ಬರಹ ಬದಲಾಗಲು ಮತ್ತೂ ಹೆಚ್ಚು ಕಾಲ ಹಿಡಿಯಿತು ಎಂಬುದಕ್ಕೆ ನಮ್ಮ ಮನೆಯ ಆ ಎರಡು ಹಾಳೆಗಳೇ ಸಾಕ್ಷಿ. ಮದುವೆಯ ದಿನ, ಎರಡನೆಯ ಹಾಳೆಯಲ್ಲಿದ್ದ ಮನೆಯ ಹಿರಿಯರೊಬ್ಬರು, ಲಕೋಟೆಯನ್ನು ಜೋಪಾನವಾಗಿ ಕಿಸೆಯಲ್ಲಿಟ್ಟುಕೊಂಡು ಬಂದಿದ್ದವರು, ‘ರಾ. ರಾ. ಅಂದ್ರೆ ಎಂತದ್ರಾ?’ ಎಂದು ನನ್ನನ್ನು ಕೇಳಿದರು. ಬಿಡಿಸಿ ಹೇಳಿದಾಗ, ‘ಹಂಗಾದ್ರೆ ನೀವೂ ಅದೇಯಾ, ನಾವೂ ಅದೇಯಾ’ ಎಂದು ಊಟದ ಪಂಕ್ತಿಗೆ ಹೋದರು.

ಹೆಂಗಸರ ವಿಷಯದಲ್ಲಿ ಈ ಸಂಬೋಧನೆಯೂ ಈ ಅಂಗಡಿಯೂ ಸೋಲುತ್ತವೆ. ರಾಜಮಾನ್ಯಕ್ಕೆ ಸ್ತ್ರೀಯರಲ್ಲಿ ಸಮನಾದ ರೂಪವಿಲ್ಲ. ಮರಾಠಿಯ ಹಳೆಯ ಪತ್ರಗಳಲ್ಲಿ ಮುತ್ತೈದೆಯರಿಗೆ ‘ವಜ್ರಚುಡೇಮಂಡಿತ ಸೌಭಾಗ್ಯವತಿ’, ಗಂಡನಿಲ್ಲದವರಿಗೆ ‘ಗಂಗಾಭಾಗೀರಥಿ’, ತಾಯಿಗೆ ‘ಮಾತೋಶ್ರೀ’. ಮದುವೆ ಕಾಗದದಲ್ಲಿ ವಧುವಿಗೆ ‘ಚಿ. ಸೌ. ಕಾಂ.’, ಅಂದರೆ ಸೌಭಾಗ್ಯವನ್ನು ಬಯಸುವವಳು, ಅಥವಾ ‘ಚಿ. ಕುಂ. ಸೌ.’. ಗಂಡಸಿನ ಮರ್ಯಾದೆ ರಾಜನಿಂದ ಬಂದರೆ ಹೆಂಗಸಿನದು ಗಂಡನಿಂದ ಎಂಬ ಲೆಕ್ಕಾಚಾರ ಇವೆಲ್ಲದರ ಅಡಿಯಲ್ಲಿದೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳಿ, ಪೋರ್ತುಗೀಸರಿಂದ ‘ಕಾಳುಮೆಣಸಿನ ರಾಣಿ’ ಎಂದು ಕರೆಸಿಕೊಂಡ ಜಿಲ್ಲೆಯಲ್ಲಿ, ಹೆಂಗಸೊಬ್ಬಳ ಹೆಸರಿಗೆ ಅವಳದೇ ಆದ ಮುನ್ನುಡಿ ಇಲ್ಲವೆನ್ನುವುದು ವಿಚಿತ್ರ. ಮಾಲೀಕರು ‘ಗಂ. ಭಾ.’ ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದಾರೆ, ಅದು ಸರಿ. ಅದರ ಬದಲು ‘ಶ್ರೀಮತಿ’ ಎಂದಷ್ಟೇ ಹಾಕುತ್ತಾರೆ, ಅದೂ ಸರಿ. ಆದರೆ ಲಕೋಟೆಗಳಿಗೆ ಬಂದಾಗ ಈ ಎಚ್ಚರ ಕಾಣಲಿಲ್ಲ.

ಲಕೋಟೆಯ ಸೇವೆಯೇ ಈ ಅಂಗಡಿಯ ದುರ್ಬಲ ಭಾಗ. ಹೆಸರು ವಿಳಾಸಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಟ್ಟರೆ ಅವರೇ ಲಕೋಟೆಗಳ ಮೇಲೆ ಮುದ್ರಿಸಿ ಕೊಡುತ್ತಾರೆ. ಈ ಕೆಲಸವನ್ನು ಮಾಲೀಕರು ನೋಡುವುದಿಲ್ಲ, ಕಂಪ್ಯೂಟರಿನ ಮುಂದೆ ಕೂತ ಹುಡುಗರು ನೋಡುತ್ತಾರೆ. ಪ್ರತಿ ಹೆಸರಿನ ಮುಂದೆಯೂ ಯಂತ್ರ ತಾನಾಗಿ ‘ರಾ. ರಾ. ಶ್ರೀ’ ಸೇರಿಸುವಂತೆ ಇಟ್ಟಿದ್ದರಿಂದ, ನಿ‌ವೃತ್ತ ಶಿಕ್ಷಕಿಯಾದ ನನ್ನ ಚಿಕ್ಕಮ್ಮ ರಾಜಮಾನ್ಯ ರಾಜಶ್ರೀ ಶ್ರೀಯಾದರು. ನಮ್ಮ ಸೊಸೈಟಿಯ ‘ವ್ಯವಸ್ಥಾಪಕರು ಮತ್ತು ಸಿಬ್ಬಂದಿ’ ಒಟ್ಟಾಗಿ ರಾಜಮಾನ್ಯರಾದರು. ಮಠದ ಶ್ರೀಗಳಿಗೆ ಕೈಯಲ್ಲೇ ಬರೆದು ಒಯ್ಯಬೇಕಿದ್ದ ಕಾಗದದ ಮೇಲೂ ಅದೇ ಬಿತ್ತು. ಕೊನೆಯದು ನಿಜವಾಗಿ ಆಭಾಸ, ಏಕೆಂದರೆ ಸಂನ್ಯಾಸಿಗೆ ರಾಜನ ಮನ್ನಣೆಯ ಮಾತು ಹೊಂದುವುದಿಲ್ಲ. ವೈದಿಕರಿಗೆ ‘ವೇ. ಮೂ.’, ಅಂದರೆ ವೇದಮೂರ್ತಿ, ಎಂದು ಹಾಕುವುದು ನಮ್ಮ ಕಡೆ ಇನ್ನೂ ಗಟ್ಟಿಯಾಗಿರುವ ರೂಢಿ; ಪಟ್ಟಿಯಲ್ಲಿ ನಾವು ಹಾಗೆಯೇ ಬರೆದು ಕೊಟ್ಟಿದ್ದರೂ ಅದಕ್ಕೂ ‘ರಾ. ರಾ.’ ಸೇರಿ ಪುರೋಹಿತರ ಲಕೋಟೆ ಹಾಸ್ಯದ ವಸ್ತುವಾಯಿತು. ಎತ್ತಿ ತೋರಿಸಿದಾಗ ಮಾಲೀಕರು ಬೇಸರಪಟ್ಟುಕೊಂಡು, ತಪ್ಪಾದ ಲಕೋಟೆಗಳನ್ನು ಹಣ ಕೇಳದೆ ಬೇರೆ ಮಾಡಿಸಿಕೊಟ್ಟರು. ಆದರೂ ಹೇಳಬೇಕಾದ ಮಾತು: ಇಷ್ಟು ಸೂಕ್ಷ್ಮವಾಗಿ ಮೆಟ್ಟಿಲು ಗುರುತಿಸುವ ಅಂಗಡಿ ಆ ವಿವೇಕವನ್ನು ಗಲ್ಲಾದ ಈಚೆಗೆ ಮಾತ್ರ ಇಟ್ಟುಕೊಂಡರೆ ಸಾಲದು. ಪಟ್ಟಿಯಲ್ಲಿ ಸಂಬೋಧನೆಗೆಂದು ಒಂದು ಬೇರೆ ಕಾಲಮ್ ಮಾಡಿ, ಗಿರಾಕಿ ತುಂಬಿದ್ದನ್ನು ಮಾತ್ರ ಮುದ್ರಿಸಿದರೆ ಈ ತೊಂದರೆ ಮುಗಿಯುತ್ತದೆ. ಅದನ್ನು ಹುಡುಗರಿಗೆ ಹೇಳಿಕೊಡಲು ಅರ್ಧ ದಿನವೂ ಬೇಡ.

ಅಚ್ಚಿನ ಗುಣಮಟ್ಟದ ಬಗ್ಗೆ ದೂರಿಲ್ಲ. ಹೆಚ್ಚು ಪ್ರತಿಗಳಿದ್ದರೆ ಆಫ್‌ಸೆಟ್‌ನಲ್ಲಿ, ಬಂಗಾರದ ಬಣ್ಣದ ಅಕ್ಷರ ಬೇಕಾದರೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮಾಡಿಕೊಡುತ್ತಾರೆ. ಹೊಳಪು ಕಾರ್ಡಿಗಿಂತ ಒರಟು ಕೆನೆಬಣ್ಣದ ಕಾಗದದ ಮೇಲೆ ಕುಂಕುಮದ ಕೆಂಪಿನಲ್ಲಿ ಹೊಡೆಸಿದ್ದು ಚೆನ್ನಾಗಿ ಬಂದಿದೆ, ಮೂಲೆಗೆ ಅರಿಶಿನ ಹಚ್ಚಿದಾಗಲೂ ಅಕ್ಷರ ಕದಡುವುದಿಲ್ಲ. ಕರಡು ನೋಡುವಾಗ ಸಾಲಿನ ಕೊನೆಯನ್ನು ಗಮನಿಸಬೇಕು: ಮೊದಲ ಕರಡಿನಲ್ಲಿ ಒಂದು ‘ರಾ.’ ಮೇಲಿನ ಸಾಲಿನ ತುದಿಯಲ್ಲೂ ಇನ್ನೊಂದು ‘ರಾ.’ ಕೆಳಗಿನ ಸಾಲಿನ ಆರಂಭದಲ್ಲೂ ಬಿದ್ದು, ಓದುವವರಿಗೆ ಯಾರೋ ಯಾರನ್ನೋ ಗದರಿಸಿ ಕರೆದಂತೆ ಕೇಳುತ್ತಿತ್ತು. ಚುಕ್ಕೆಯ ಬದಲು ಹಳೆಯ ಕ್ರಮದಂತೆ ಎರಡು ಗೆರೆ ಹಾಕಿ ‘ರಾ||’ ಎಂದು ಬರೆಸಿದರೆ ನೋಟಕ್ಕೆ ಚೆಂದ, ಆದರೆ ಆ ಗೆರೆಗಳು ಸಣ್ಣ ಅಕ್ಷರದಲ್ಲಿ ಅಂಕಿಯಂತೆ ಕಾಣುವುದರಿಂದ ಲಕೋಟೆಗೆ ಚುಕ್ಕೆಯೇ ಒಳ್ಳೆಯದು ಎಂಬ ಮಾಲೀಕರ ಸಲಹೆಯನ್ನು ನಾವು ಒಪ್ಪಿಕೊಂಡೆವು.

ವಾಟ್ಸ್ಆ್ಯಪ್‌ಗೆ ಕಳಿಸಲು ಪ್ರತ್ಯೇಕವಾಗಿ ಒಂದು ಪುಟ ಮಾಡಿಕೊಡುತ್ತಾರೆ. ಇದರ ಜೊತೆಗೆ ಕಳಿಸುವ ಬರಹವನ್ನು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು, ಹಾಗಾಗಿ ‘ಆಶೀರ್ವಾದ’ವನ್ನೂ ‘ಮುಹೂರ್ತ’ವನ್ನೂ ಕಣ್ಣಿಟ್ಟು ಓದಿ. ಫೋನಿನ ಪ್ರತಿಯಲ್ಲಿ ‘ರಾ. ರಾ.’ ಹಾಕಿಸುವುದು ವ್ಯರ್ಥ. ನೂರು ಜನರ ಗುಂಪಿಗೆ ಒಮ್ಮೆಲೇ ಹೋಗುವ ಕರೆಯೋಲೆಯಲ್ಲಿ ಯಾರೊಬ್ಬರ ಹೆಸರೂ ಇರುವುದಿಲ್ಲ, ಹೆಸರಿಲ್ಲದ ಕಡೆ ಈ ಸಂಬೋಧನೆಗೆ ಕೂರಲು ಜಾಗವಿಲ್ಲ.

ದರ ಪೇಟೆಯ ಉಳಿದ ಅಂಗಡಿಗಳಿಗಿಂತ ತುಸು ಹೆಚ್ಚು. ಲಕೋಟೆಯ ಮೇಲೆ ಹೆಸರು ಹಾಕಿಸಿದರೆ ಅದಕ್ಕೆ ಬೇರೆ ದರ. ಮಾಲೀಕರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವುದರಿಂದ, ಅವರೊಡನೆ ಕೂತು ಮಾತಾಡಬೇಕೆಂದಿದ್ದರೆ ಬೆಳಗಿನ ಹೊತ್ತೇ ಸರಿ. ಸಂಜೆ ಗಿರಾಕಿಗಳ ಗದ್ದಲದಲ್ಲಿ ಆ ಹಳೆಯ ವಹಿ ಕಪಾಟಿನಿಂದ ಹೊರಗೆ ಬರುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಮದುವೆ, ಮುಂಜಿಗಳ ಕೆಲಸ ಒಟ್ಟಿಗೆ ಬೀಳುತ್ತದೆ, ಮಾರಿಕಾಂಬೆಯ ಜಾತ್ರೆಯ ವರ್ಷವಾದರೆ ಕೇಳುವುದೇ ಬೇಡ. ಆ ಹಂಗಾಮಿನಲ್ಲಿ ಅವಸರದ ಕೆಲಸವನ್ನು ಅವರು ಒಪ್ಪುವುದಿಲ್ಲ, ಒಪ್ಪದಿರುವುದೇ ಒಳ್ಳೆಯದು. ಹೋಗುವಾಗ ಪಟ್ಟಿಯನ್ನು ಒಂದೇ ಹಾಳೆಯಾಗಿ ಮಾಡಿಕೊಂಡು, ವೈದಿಕರು, ಮಠ, ಸಂಸ್ಥೆ ಮತ್ತು ಹೆಂಗಸರ ಹೆಸರುಗಳಿಗೆ ಬಣ್ಣದ ಗುರುತು ಹಾಕಿ ಒಯ್ಯಿರಿ, ಮತ್ತು ಲಕೋಟೆಗಳ ಮೊದಲ ಕಟ್ಟನ್ನು ಅಂಗಡಿಯಲ್ಲೇ ಬಿಚ್ಚಿ ನೋಡಿ.